ಒಂದು ಬೆರಳು ಎತ್ತರದ ಕಾಲರ್

ಎಲುಬು ಕೂಡಿಸುವ ಕಾಕಾನ ಅಂಗಿಗಳನ್ನು ನಾನು ಹದಿನೆಂಟು ವರ್ಷ ಹೊಲಿದೆ. ಅದಕ್ಕೇ ಮೂಡಲಗಿಯ ಮಂದಿ ನನ್ನನ್ನು ಹುಡುಕಿಕೊಂಡು ಗೋಕಾಕದ ನಮ್ಮ ಟೇಲರ್ ಅಂಗಡಿಗೆ ಬಂದರು. ಮೂಡಲಗಿಯಲ್ಲಿ ಅವರಿಗೊಂದು ಸತ್ಕಾರ ಇಟ್ಟುಕೊಂಡಿದ್ದರು. ಸತ್ಕಾರಕ್ಕೆ ನಾಲ್ಕು ದಿನ ಇರುವಾಗ ಅವರು ತೀರಿಕೊಂಡರು. ಅಭಿನಂದನೆ ಎಂದು ಅಚ್ಚಾಗಬೇಕಿದ್ದ ಪುಸ್ತಕ ಈಗ ಸ್ಮರಣೆ ಎಂದು ಅಚ್ಚಾಗುತ್ತಿದೆ. ರಟ್ಟು ಮಾತ್ರ ಬದಲು, ಒಳಗಿನ ಹೊಗಳಿಕೆ ಅದೇ.

“ನೀವೂ ಎರಡು ಪುಟ ಬರದು ಕೊಡ್ರಿ ಮಾಸ್ತರ. ಅವರನ್ನ ಹತ್ತರದಿಂದ ಕಂಡಾವ್ರು ನೀವು” ಎಂದರು.

ಹತ್ತಿರದಿಂದ ಕಂಡದ್ದು ಖರೆ. ನನ್ನ ತಲೆ ಅವರ ಎರಡು ಅಂಗೈಗಳ ನಡುವೆ ಇತ್ತು. ಅದಕ್ಕಿಂತ ಹತ್ತಿರ ಹೋಗಲು ಯಾರಿಗೂ ಆಗುವುದಿಲ್ಲ. ಬರೆದು ಕೊಡುತ್ತೇನೆ ಎಂದೆ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಬೇಕು. ಬಲಗೈ ಯಾಕೆ ಬರೆಯುತ್ತಿಲ್ಲ ಎಂಬುದನ್ನೇ ಇಲ್ಲಿ ಹೇಳುತ್ತಿದ್ದೇನೆ. ಮೂಡಲಗಿಯವರು ಇದನ್ನು ಅಚ್ಚು ಹಾಕುತ್ತಾರೋ, ಕಸದ ಬುಟ್ಟಿಗೆ ಹಾಕುತ್ತಾರೋ, ಅದು ಅವರಿಗೆ ಬಿಟ್ಟದ್ದು.

ಹುಕ್ಕೇರಿ ತಾಲೂಕಿನಲ್ಲಿ, ಘೋಡಗೇರಿಯಿಂದ ಸ್ವಲ್ಪ ಒಳಗೆ ಕಾಕಾನ ಊರು. ಎಲುಬು ಕೂಡಿಸುವ ಮನೆತನ. ಅಜ್ಜ ಎತ್ತುಗಳ ಹೆಗಲು ನೋಡುತ್ತಿದ್ದರಂತೆ, ಅಪ್ಪ ಮನುಷ್ಯರ ಕೈಕಾಲಿಗೆ ಬಂದರು, ಇವರು ಕತ್ತಿನವರೆಗೆ ಏರಿದರು. ಸೋಮವಾರ ಮತ್ತು ಗುರುವಾರ ಅವರ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕಬ್ಬು ಹೊತ್ತವರು, ಚೀಲ ಹೊತ್ತವರು, ಬೈಕಿನಿಂದ ಬಿದ್ದವರು. ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ತೆಂಗಿನಕಾಯಿ, ಒಂದು ತುಂಡು ಬೆಲ್ಲ ಸಾಕು. ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಕಾಕಾ ಎನ್ನುತ್ತಿದ್ದೆ.

ಅವರ ಬಗ್ಗೆ ಒಳ್ಳೆಯದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ನನ್ನ ಮಗಳು ಸಣ್ಣವಳಿದ್ದಾಗ ಜೋಕಾಲಿಯಿಂದ ಬಿದ್ದು ಮೊಣಕೈ ಕಳಚಿಕೊಂಡಿದ್ದಳು. ಅವರು ಅವಳಿಗೆ ಬೆಲ್ಲ ಕೊಟ್ಟು, “ನಿಮ್ಮ ಸಾಲಿ ಗಂಟಿ ಹೆಂಗ ಬಾರಸ್ತಾರವ್ವಾ?” ಎಂದು ಕೇಳಿದರು. ಅವಳು ಕೈ ಎತ್ತಿ ತೋರಿಸಲು ಹೋದಳು. ಅಷ್ಟರಲ್ಲಿ ಕೀಲು ತನ್ನ ಜಾಗದಲ್ಲಿ ಕೂತಿತ್ತು. ಹುಡುಗಿ ಅಳುವುದನ್ನೇ ಮರೆತಳು. ಆ ಕೈ ನೋಡಿ ನಾನು ಅವರಿಗೆ ಮಾರುಹೋದೆ. ಬಂದವನ ಮುಖವನ್ನು ಅವರು ನೋಡುತ್ತಿರಲಿಲ್ಲ, ಅವನು ಹೇಗೆ ಕೂರುತ್ತಾನೆ ಎಂದು ನೋಡುತ್ತಿದ್ದರು. ಬಟ್ಟೆ ಅಂಗಡಿಗೆ ಬಂದರೆ ಬಣ್ಣ ನೋಡುತ್ತಿರಲಿಲ್ಲ, ಅರಿವೆಯನ್ನು ಎರಡು ಬೆರಳಲ್ಲಿ ತಿಕ್ಕಿ, “ಇದು ನೀರಿಗೆ ಬಿದ್ರ ಅರ್ಧ ಗೇಣು ಇಳೀತೈತಿ” ಎನ್ನುತ್ತಿದ್ದರು. ಅಷ್ಟೇ ಇಳಿಯುತ್ತಿತ್ತು. ಮೊಣಕೈ, ಮಣಿಕಟ್ಟು, ಪಾದ, ಇವನ್ನೆಲ್ಲ ಅವರಿಗೆ ಒಪ್ಪಿಸಬಹುದಿತ್ತು. ಒಳ್ಳೆಯದು ಮುಗಿಯಿತು.

ಅವರ ಅಂಗಿಯ ಅಳತೆಯನ್ನು ನಾನು ಮೈಮೇಲೆ ತೆಗೆದದ್ದೇ ಇಲ್ಲ. ಹಳೆಯ ಅಂಗಿಯೊಂದನ್ನು ತಂದು ಮೇಜಿನ ಮೇಲೆ ಹಾಕುತ್ತಿದ್ದರು. ಬಿಳಿ ಬಟ್ಟೆ, ಉದ್ದ ತೋಳು, ನಿಂತ ಕಾಲರ್. ಪ್ರತಿ ಸಲವೂ ಒಂದೇ ಮಾತು: “ಕಾಲರ್ ಒಂದು ಬೆರಳು ಎತ್ತರ ಇರಲಿ ಮಾಸ್ತರ.” ಅದರ ಮೇಲೆ ಕೊರಳಿಗೊಂದು ಟಾವೆಲ್. ಬೇಸಗೆಯಲ್ಲೂ ಹೀಗೇ. ದೊಡ್ಡ ಮನುಷ್ಯರ ಠೀವಿ ಎಂದುಕೊಂಡಿದ್ದೆ. ಒಮ್ಮೆ ಟಾವೆಲ್ ಜಾರಿದಾಗ ಗಂಟಲಿನ ಬಲಕ್ಕೆ ಅಡ್ಡ ಗೆರೆಯೊಂದು ಕಂಡಿತ್ತು. ಕೇಳಿದ್ದಕ್ಕೆ, “ಸಣ್ಣಾವಿದ್ದಾಗ ಎತ್ತಿನ ಹಗ್ಗ ಬಡದಿತ್ತು” ಎಂದಿದ್ದರು. ನಾನು ನಂಬಿದೆ. ಕೊರಳಪಟ್ಟಿ ಹೊಲಿಯುವುದೇ ಕಸುಬಾಗಿದ್ದವನು ಆ ಕೊರಳನ್ನು ಒಮ್ಮೆಯೂ ಸರಿಯಾಗಿ ನೋಡಲಿಲ್ಲ.

ಈಗ ನನ್ನ ಕತ್ತಿನ ಸಂಗತಿ. ನಾಲ್ಕು ವರ್ಷದ ಹಿಂದೆ ಕತ್ತಿನಿಂದ ಬಲತೋಳಿಗೆ ಉರಿ ಇಳಿಯತೊಡಗಿತು. ಮೂವತ್ತು ವರ್ಷ ಮಶೀನಿನ ಮೇಲೆ ಬಗ್ಗಿದವನಿಗೆ ಇದೇನು ಹೊಸದಲ್ಲ ಎಂದು ಬಿಟ್ಟೆ. ಆಮೇಲೆ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದವು. ಸೂಜಿ ಹಿಡಿದಿದ್ದೇನೆಯೋ ಬಿಟ್ಟಿದ್ದೇನೆಯೋ ಕಣ್ಣಿಂದ ನೋಡಿ ತಿಳಿಯಬೇಕಾಯಿತು. ಹೆಂಡತಿ ಬೆಳಗಾವಿಗೆ ಎಳೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಎಮ್‌ಆರ್‌ಐ ಫಿಲ್ಮನ್ನು ದೀಪಕ್ಕೆ ಹಿಡಿದು, ಕತ್ತಿನ ಎರಡು ಮಣಿಗಳ ನಡುವಿನ ಗಾದಿ ಹಿಂದಕ್ಕೆ ಜಾರಿ ನರವನ್ನು ಒತ್ತುತ್ತಿರುವುದನ್ನು ತೋರಿಸಿದರು. ನನ್ನ ಕೈಗೆ ತಮ್ಮ ಎರಡು ಬೆರಳು ಕೊಟ್ಟು, ಹಿಚುಕು ಎಂದರು. ಹಿಚುಕಿದೆ.

“ಬರೇ ನೋವಿದ್ರ ಗುಳಗಿ ಕೊಟ್ಟು ಕಾಯಬಹುದಿತ್ರಿ. ಕೈಯಾಗಿನ ಶಕ್ತಿ ಹೊಂಟೈತಿ. ಇದನ್ನ ತಗದ ಬಿಡೂಣು. ತಡಾ ಮಾಡಬ್ಯಾಡ್ರಿ” ಎಂದರು. ಕೊರಳಿನ ಮುಂದಿನಿಂದ ಸಣ್ಣಗೆ ಕೊಯ್ದು, ಗಂಟಲ ಕೊಳವೆಯನ್ನು ಪಕ್ಕಕ್ಕೆ ಸರಿಸಿ, ಜಾರಿದ ಗಾದಿಯನ್ನು ತೆಗೆದು, ಆ ಜಾಗದಲ್ಲಿ ಆಸರೆಯೊಂದನ್ನು ಕೂರಿಸುತ್ತಾರಂತೆ. ಕೊರಳು ಕೊಯ್ಯುತ್ತಾರೆಂದು ಅಂಜಿದೆ. ಊರಿಗೆ ಹೋಗಿ ಹೇಳುತ್ತೇನೆ ಎಂದು ಎದ್ದು ಬಂದೆ. ಗುರುವಾರ ಫಿಲ್ಮನ್ನು ಬಗಲಲ್ಲಿಟ್ಟುಕೊಂಡು ಕಾಕಾನ ಊರಿನ ಬಸ್ಸು ಹತ್ತಿದೆ.

ಅವರ ಪಡಸಾಲೆಯ ಕಿಟಕಿಗೆ ಗಾಜು ಇರಲಿಲ್ಲ. ಗಾಜಿನ ಜಾಗದಲ್ಲಿ ಫಿಲ್ಮುಗಳನ್ನು ಒಂದರ ಪಕ್ಕ ಒಂದು ಮೊಳೆ ಹೊಡೆದು ಕೂರಿಸಿದ್ದರು. ಬಂದವರ ಮೊಣಕಾಲು, ಬೆನ್ನು, ಕತ್ತು ಎಲ್ಲವೂ ಬಿಸಿಲಿಗೆ ಹೊಳೆಯುತ್ತಿದ್ದವು. ಅಲ್ಲಿ ಕೂರಬೇಕಾದರೆ ಅದೇ ನೇಮ. ಫಿಲ್ಮನ್ನು ಅವರಿಗೆ ಕೊಟ್ಟುಬಿಡಬೇಕು, ತಿರುಗಿ ಕೇಳಬಾರದು.

“ಕಾಗದ ನಂಬ್ತಿಯೋ ಮಾಸ್ತರ, ಕೈ ನಂಬ್ತಿಯೋ?”

ಬೇರೆ ಯಾರಾದರೂ ಆಗಿದ್ದರೆ ಎರಡು ಸಲ ಯೋಚಿಸುತ್ತಿದ್ದರೇನೋ. ನಾನು ಟೇಪು ಮುಟ್ಟದೆ ಗೇಣಿನಲ್ಲೇ ಅಳೆದು ಬಟ್ಟೆ ಕತ್ತರಿಸುವವನು. ಪುಸ್ತಕ ನೋಡಿ ಕತ್ತರಿಸುವ ಹೊಸ ಟೇಲರುಗಳನ್ನು ಕಂಡರೆ ನಗುವವನು. ನನ್ನ ಜಂಬವನ್ನೇ ಅವರು ನನ್ನ ಮುಂದಿಟ್ಟಿದ್ದರು. “ಕೈ ನಂಬ್ತೇನ್ರಿ ಕಾಕಾ” ಎಂದು ಫಿಲ್ಮನ್ನು ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಸ್ವಲ್ಪ ಹೊತ್ತೇ ನೋಡಿದರು. ಅದು ಏನೆಂದು ಅವರಿಗೆ ಆಗಲೇ ಗೊತ್ತಾಗಿತ್ತು, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಮಣೆಯ ಮೇಲೆ ಕೂರಿಸಿ, ಬಿಸಿ ಔಡಲೆಣ್ಣೆ ಹಚ್ಚಿ, ಗದ್ದದ ಕೆಳಗೆ ಟಾವೆಲ್ ಹಾಕಿ ಮೇಲಕ್ಕೆ ಎಳೆಯುತ್ತಿದ್ದರು. ಆಮೇಲೆ ತಲೆಯನ್ನು ಎರಡು ಅಂಗೈಗಳಲ್ಲಿ ಹಿಡಿದು ತಟ್ಟನೆ ತಿರುಗಿಸುವುದು. ಲಟಕ್ ಎಂದು ಸದ್ದಾದರೆ ಪಡಸಾಲೆಯವರೆಲ್ಲ ತಲೆ ಆಡಿಸುತ್ತಿದ್ದರು. ಮೊದಲ ಸಲ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ಹೀಗೇ ಮೂರು ತಿಂಗಳು ಓಡಾಡಿದೆ. ಕೈ ಸೋಲುತ್ತಾ ಬಂತು, “ಕೆಟ್ಟ ವಾಯು ಹೊಂಟೈತಿ, ಹೋಗೂ ಮುಂದ ಹಿಂಗ” ಎಂದರು. ಕೊನೆಯ ಸಲ ತಿರುಗಿಸಿದಾಗ ತೋಳಿನೊಳಗೆ ಕಾಯ್ದ ಸಲಾಕೆ ಹೊಕ್ಕ ಹಾಗಾಯಿತು. ಮರುದಿನ ಕತ್ತರಿ ಹಿಡಿದೆ, ಕೈಯಿಂದ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಮೂರನೆಯ ಸಲ ಹೆಂಡತಿಯೇ ಅದನ್ನು ಎತ್ತಿ ಮೊಳೆಗೆ ತೂಗು ಹಾಕಿದಳು.

ಮತ್ತೆ ಬೆಳಗಾವಿಗೆ ಹೋದೆವು, ಆಪರೇಶನ್ ಆಯಿತು. ಎಚ್ಚರವಾದಾಗ ತೋಳಿನ ಉರಿ ಇರಲಿಲ್ಲ. ಮೂರು ತಿಂಗಳು ನನ್ನನ್ನು ಮಲಗಗೊಡದ ಉರಿ, ಯಾರೋ ಗುಂಡಿ ಒತ್ತಿ ಆರಿಸಿದಂತೆ ಹೋಗಿತ್ತು. ನಾಲ್ಕು ದಿನ ದನಿ ಗೊಗ್ಗರಾಗಿತ್ತು, ಅಂಬಲಿ ಬಿಟ್ಟು ಏನೂ ಇಳಿಯುತ್ತಿರಲಿಲ್ಲ, ಅಷ್ಟೇ. ಡಾಕ್ಟರು ಮತ್ತೆ ತಮ್ಮ ಎರಡು ಬೆರಳು ಕೊಟ್ಟರು. ನಾನು ಹಿಚುಕಿದೆ. ಅವರು ಕಾಯುತ್ತಲೇ ಇದ್ದರು. ನಾನು ಹಿಚುಕುತ್ತಿದ್ದೇನೆ ಎಂಬುದು ಅವರಿಗೆ ತಿಳಿಯಲಿಲ್ಲ.

“ನೋವು ಹೋಗೇತಿ. ಶಕ್ತಿ ಎಷ್ಟು ಬರತೈತೋ ಹೇಳಾಕ ಆಗಂಗಿಲ್ರಿ. ನರ ಭಾಳ ದಿವಸ ಒತ್ತಿಸಿಕೊಂಡೈತಿ. ಮೂರು ತಿಂಗಳ ಹಿಂದ ಬಂದಿದ್ರ...” ಎಂದು ಅಲ್ಲಿಗೇ ಬಿಟ್ಟರು.

ಒಂದೂವರೆ ವರ್ಷ ರಬ್ಬರ್ ಚೆಂಡು ಹಿಚುಕಿದೆ. ಈಗ ಬಲಗೈಯಲ್ಲಿ ಲೋಟ ಹಿಡಿಯಬಲ್ಲೆ, ಸೂಜಿ ಹಿಡಿಯಲಾರೆ. ಮಶೀನಿನ ಮೇಲೆ ಹೆಂಡತಿ ಕೂತಳು. ಗಂಡಸರ ಅಂಗಿಯ ಅಂಗಡಿ ಹೆಂಗಸರ ಜಂಪರಿನ ಅಂಗಡಿಯಾಯಿತು. ನಾನು ಗುಂಡಿ ಆರಿಸಿ ಕೊಡುವವನಾದೆ.

ಇಷ್ಟಾದರೂ ಆಗ ಅವರ ಮೇಲೆ ನನಗೆ ಹಗೆ ಇರಲಿಲ್ಲ. ತಿಳಿಯದೆ ಮಾಡಿದರು, ನಾನೂ ತಿಳಿಯದೆ ಹೋದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಹೋದ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಅವರು ಅಂಗಡಿಗೆ ಬಂದರು. ಮೂಡಲಗಿಯ ಸತ್ಕಾರಕ್ಕೆ ಅಂಗಿ ಬೇಕು, ಅದೂ ನನ್ನ ಕೈಯಿಂದಲೇ ಆಗಬೇಕು. ನನ್ನ ಕೈ ಹೇಗಿದೆ ಎಂದು ಕೇಳಲಿಲ್ಲ. ಹಳೆಯ ಅಂಗಿಯನ್ನು ಮೇಜಿನ ಮೇಲೆ ಹಾಕಿ, ಸೆಕೆ ಎಂದು ಗುಂಡಿ ಬಿಚ್ಚಿ, ದೊಡ್ಡ ಕನ್ನಡಿಯ ಮುಂದೆ ನಿಂತು ಕೊರಳು ಒರೆಸಿಕೊಂಡರು.

ಕನ್ನಡಿಯಲ್ಲಿ ಆ ಗೆರೆ ಕಂಡಿತು. ದಾಡಿ ಮಾಡಿಕೊಳ್ಳುವಾಗ ಬ್ಲೇಡು ತಾಗದಂತೆ ನಾನು ದಿನಾ ಸುತ್ತಿ ಹೋಗುವ ಗೆರೆ. ಅದೇ ಜಾಗ, ಅದೇ ಉದ್ದ, ಚರ್ಮದ ಮಡಿಕೆಯಲ್ಲಿ ಅದೇ ಅಡ್ಡ ಹೊಲಿಗೆ. ಹೊಲಿಗೆ ನೋಡಿದರೆ ಅದು ಯಾವ ಬಗೆಯದು ಎಂದು ಹೇಳಬಲ್ಲೆ, ಅಷ್ಟಾದರೂ ನನಗೆ ಉಳಿದಿದೆ.

“ಕಾಕಾ, ಇದನ್ನ ಎಲ್ಲಿ ಮಾಡಿಸಿದ್ರಿ?”

“ಏನ?” ಎಂದು ಟಾವೆಲ್ ಒತ್ತಿಕೊಂಡರು. ನಾನು ನನ್ನ ಗುಂಡಿ ಬಿಚ್ಚಿ ಅವರ ಪಕ್ಕದಲ್ಲಿ ನಿಂತೆ. ಅವರ ಟಾವೆಲಿನ ಕೈ ಕೆಳಗಿಳಿಯಿತು. ಕನ್ನಡಿಯಲ್ಲಿ ಎರಡು ಕೊರಳು, ಎರಡರ ಮೇಲೂ ಒಂದೇ ಗೆರೆ.

“ಮಿರಜಿನಾಗ” ಎಂದರು ಆಮೇಲೆ. “ಇಪ್ಪತ್ತು ವರ್ಷ ಆತು. ನಮ್ಮಪ್ಪನ ನನ್ನ ಕತ್ತ ಹಿಡದು ತಿರುವಿದ್ದ. ನಾಕು ಸಲ ತಿರುವಿದ. ಐದನೇದಕ್ಕ ಕಾಲು ಎಳ್ಯಾಕ ಹತ್ತಿದ್ವು. ನಮ್ಮವ್ವ ಯಾರಿಗೂ ಹೇಳದಂಗ ಕರಕೊಂಡು ಹೋಗಿ ಮಾಡಿಸಿದ್ಲು.”

“ನನಗ್ಯಾಕ ಹೇಳಲಿಲ್ರಿ?”

“ಹೆಂಗ ಹೇಳ್ಲೋ ಮಾಸ್ತರ? ಮನಿ ಮುಂದ ಅಷ್ಟು ಮಂದಿ ಕುಂತಿದ್ರು. ಒಬ್ಬಂವಗ ಹೇಳಿದ್ರ ಎಲ್ಲಾರೂ ಎದ್ದು ಹೋಗತಿದ್ರು.”

“ಹೋಗಬೇಕಿತ್ತಲ್ರಿ.”

ಅವರು ಗುಂಡಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ತಿರುಗಿ ನಿಂತರು. “ಕಾಲರ್ ಮರೀಬ್ಯಾಡ. ಒಂದು ಬೆರಳು ಎತ್ತರ.”

ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಅವರ ಗುಟ್ಟಿಗೆ ನಾನು ಹದಿನೆಂಟು ವರ್ಷ ಬಟ್ಟೆ ಹೊದಿಸಿದ್ದೆ. ಆ ಗುರುವಾರ ನನ್ನ ಕಿವಿಯಲ್ಲಿ ಒಂದೇ ಮಾತು ಹೇಳಿದ್ದರೆ ನನ್ನ ಬೆರಳು ನನಗಿರುತ್ತಿದ್ದವು. ಅವರಿಗೆ ತಮ್ಮ ಪಡಸಾಲೆ ತುಂಬಿರುವುದು ನನ್ನ ಕೈಗಿಂತ ದೊಡ್ಡದಾಯಿತು. ಕ್ಷಮಿಸಬೇಕು ಎಂದು ಬಹಳ ಮಂದಿ ಹೇಳಿದ್ದಾರೆ. ಅವರೆಲ್ಲ ಬಲಗೈಯಲ್ಲಿ ಊಟ ಮಾಡುವವರು.

ಆ ಅಂಗಿಯನ್ನು ನಾನೇ ಹೊಲಿದೆ. ಎಡಗೈಯಲ್ಲಿ ಕತ್ತರಿಸಿ, ಎಡಗೈಯಲ್ಲಿ ಸೂಜಿ ಹಿಡಿದು, ಹಲ್ಲಿನಿಂದ ದಾರ ಕಡಿದು, ಹನ್ನೊಂದು ದಿನ. ಕಾಲರ್ ಇಟ್ಟೆ, ಆದರೆ ಮುಂದಿನ ಕೊರಳನ್ನು ಎರಡು ಬೆರಳು ಇಳಿಸಿದೆ. ಸತ್ಕಾರದ ದಿನ ವೇದಿಕೆಯ ಮೇಲೆ, ಶಾಲು ಹೊದಿಸಲು ಟಾವೆಲ್ ತೆಗೆಸಿದಾಗ, ಎಲ್ಲರ ಮುಂದೆ ಆ ಗೆರೆ ಕಾಣಬೇಕು. ನಾನು ಮುಂದಿನ ಸಾಲಿನಲ್ಲಿ ಕೂತು ಅದೇನೆಂದು ಕೇಳಬೇಕು. ಗುಂಡಿಮನೆ ಹೊಲಿಯಲು ಹೆಂಡತಿಗೆ ಕೊಟ್ಟಾಗ ಅವಳು ಅಂಗಿಯನ್ನು ಎತ್ತಿ ಹಿಡಿದು ನೋಡಿದಳು.

“ಇದೇನ್ರಿ, ಹೆಣ್ಮಕ್ಕಳ ಜಂಪರ್ ಆಗೇತಲ್ಲ ಕೊರಳು” ಎಂದಳು. ನನ್ನ ಮುಖ ನೋಡಿ ಗುಂಡಿಮನೆ ಹೊಲಿದು ಕೊಟ್ಟಳು.

ಹೊಸ ಅಂಗಿಯನ್ನು ಮೊದಲೇ ತೊಟ್ಟು ನೋಡುವ ರೂಢಿ ಅವರಲ್ಲಿರಲಿಲ್ಲ. ಮೂಲೆಗೆ ಅರಿಷಿಣ ಹಚ್ಚಿ, ದೇವರ ಮುಂದಿಟ್ಟು, ಆವತ್ತೇ ತೊಡುತ್ತಿದ್ದರು. ನಾನು ಅದನ್ನೇ ನಂಬಿ, ಇಸ್ತ್ರಿ ಮಾಡಿ, ಟಾಚಣಿ ಚುಚ್ಚಿ, ರಟ್ಟಿನಲ್ಲಿ ಮಡಚಿ ಕಳಿಸಿದೆ. ಒಂದು ವಾರ ನೆಮ್ಮದಿಯಿಂದ ಮಲಗಿದೆ. ಆಮೇಲೆ ಗುರುವಾರ ಬೆಳಿಗ್ಗೆ ಫೋನು ಬಂತು, ಕಾಕಾ ಹೋದರು, ಎದೆನೋವು.

ಅಳು ಬಂತೇ ಎಂದು ಕೇಳಿದರೆ, ಇಲ್ಲ. ನನ್ನ ಕೈಗೆ ಸಿಗದಂತೆ ತಪ್ಪಿಸಿಕೊಂಡರು ಎಂದು ಸಿಟ್ಟು ಬಂತು.

ಬಸ್ಸಿಳಿದು ಹೋದಾಗ ಅವರನ್ನು ಪಡಸಾಲೆಯಲ್ಲಿ, ಆ ಫಿಲ್ಮಿನ ಕಿಟಕಿಯ ಕೆಳಗೆ, ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು. ತಲೆ ಜೋಲಬಾರದೆಂದು ಗದ್ದದ ಕೆಳಗೆ ಟಾವೆಲ್ ಹಾಕಿ ಮೇಲಕ್ಕೆ ಎಳೆದು ಗೋಡೆಯ ಮೊಳೆಗೆ ಕಟ್ಟಿದ್ದರು. ನನ್ನನ್ನು ಅವರು ಎಳೆಯುತ್ತಿದ್ದದ್ದೂ ಹಾಗೇ. ಮನೆಯಲ್ಲಿದ್ದ ಹೊಸ ಬಟ್ಟೆ ಅದೊಂದೇ ಆಗಿತ್ತು, ಹಾಗಾಗಿ ಅದನ್ನೇ ತೊಡಿಸಿದ್ದರು. ಎರಡು ಬೆರಳು ಇಳಿದ ಕೊರಳು. ಆದರೆ ಗಂಟಲಿನ ತುಂಬ ದಪ್ಪಗೆ ವಿಭೂತಿ ಬಳಿದಿದ್ದರು, ಒಂದು ಗೆರೆಯೂ ಕಾಣುತ್ತಿರಲಿಲ್ಲ. ಸತ್ತ ಮೇಲೂ ಅವರನ್ನು ಮುಚ್ಚುವವರಿದ್ದರು.

ಬಾಗಿಲಲ್ಲಿ ಕೊಣ್ಣೂರಿನ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಗುರುವಾರವೆಂದು ಮೊದಲ ಬಸ್ಸಿಗೆ ಬಂದವಳು, ಇಲ್ಲಿ ಹೀಗಾದದ್ದು ಗೊತ್ತಿರಲಿಲ್ಲ. ಕತ್ತು ಒಂದು ಕಡೆಗೆ ವಾಲಿತ್ತು. ಬಗಲಲ್ಲಿ ಫಿಲ್ಮಿನ ದೊಡ್ಡ ಪಾಕೀಟು, ಇನ್ನೊಂದು ಕೈಯಲ್ಲಿ ತೆಂಗಿನಕಾಯಿಯ ಚೀಲ. ಊರಿನ ಹಿರಿಯರೊಬ್ಬರು ಅವಳಿಗೆ ಸಮಾಧಾನ ಹೇಳುತ್ತಿದ್ದರು.

“ಹನ್ನೊಂದು ದಿವಸ ಆಗಲಿ ತಂಗಿ. ಮಗ ಕುಂಡ್ರತಾನ ಆ ಮಣಿ ಮ್ಯಾಗ. ಅದ ಕೈ ಐತಿ.”

ನಾನು ಅವಳ ಹತ್ತಿರ ಹೋಗಿ ಕೇಳಿದೆ. “ಕೈಯಾಗ ಶಕ್ತಿ ಐತೇನ್ರಿ?”

“ರೊಟ್ಟಿ ಬಡ್ಯಾಕ ಆಗವಲ್ದಣ್ಣಾ” ಎಂದಳು. “ಹಿಟ್ಟು ನಾದೂದೂ ಆಗವಲ್ದು. ಡಾಕ್ಟರ್ ಆಪರೇಶನ್ ಅಂದಾರ, ನನಗ ಅಂಜಿಕಿ.”

ಜನ ಒಬ್ಬೊಬ್ಬರಾಗಿ ಹೋಗಿ ವಿಭೂತಿ ಹಚ್ಚಿ ಬರುತ್ತಿದ್ದರು. ನನ್ನ ಸರದಿಗೆ ನಾನೂ ಹೋದೆ. ನನ್ನ ಹೆಗಲ ಟಾವೆಲಿನ ಅಂಚನ್ನು ತಂಬಿಗೆಯ ನೀರಿನಲ್ಲಿ ಅದ್ದಿ, ಎಡಗೈಯಿಂದ ಆ ಗಂಟಲನ್ನು ಒರೆಸಿದೆ. ಎರಡು ಸಲಕ್ಕೆ ಗೆರೆ ಕಂಡಿತು. ಭಜನೆಯವರು ನಿಲ್ಲಿಸಿದರು.

“ಏನ್ ಮಾಡಾಕತ್ತಿ ಮಾಸ್ತರ?” ಎಂದು ಹಿರಿಯರು ಎದ್ದರು.

“ಕಾಕಾನ ಆಪರೇಶನ್ ತೋರಸಾಕತ್ತೇನ್ರಿ” ಎಂದೆ. ಕಾಲರಿನ ಗುಂಡಿ ಬಿಚ್ಚಿ ನನ್ನದನ್ನೂ ತೋರಿಸಿದೆ. “ಇದು ಬೆಳಗಾವ್ಯಾಗ ಮಾಡಿಸಿದ್ದು, ಅದು ಮಿರಜಿನಾಗ ಮಾಡಿಸಿದ್ದು. ಇಪ್ಪತ್ತು ವರ್ಷದ ಹಿಂದ. ಅವರ ನನಗ ಹೇಳ್ಯಾರ.”

ಆ ಹೆಣ್ಣುಮಗಳು ನನ್ನ ಕೊರಳು ನೋಡಿದಳು, ಅವರ ಕೊರಳು ನೋಡಿದಳು. ತೆಂಗಿನಕಾಯಿಯನ್ನು ಹೊಸ್ತಿಲಲ್ಲಿ ಇಟ್ಟು, ಪಾಕೀಟನ್ನು ಬಿಗಿಯಾಗಿ ಅವುಚಿಕೊಂಡು, ಬಸ್ಸಿನ ದಾರಿ ಹಿಡಿದಳು. ಅವಳ ಸಲುವಾಗಿ ಒರೆಸಿದೆ ಎಂದು ನಾನು ಈಗ ಹೇಳಿಕೊಳ್ಳಬಹುದು. ಹೇಳುವುದಿಲ್ಲ. ನನ್ನ ಸಲುವಾಗಿ ಒರೆಸಿದೆ.

ಕಾಕಾನ ಮಗ ನನ್ನ ರೆಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದ. ಬಡಿಯುತ್ತಾನೆ ಎಂದುಕೊಂಡಿದ್ದೆ. “ಇವತ್ತೊಂದು ದಿವಸ ಬಿಡಬೇಕಿತ್ರಿ” ಎಂದ, ಅಷ್ಟೇ. ಬಿಡಬೇಕಿತ್ತು, ನನಗೂ ಗೊತ್ತು. ಅವನ ಕಣ್ಣು ನೋಡಿದಾಗ ನಾಚಿಕೆಯೂ ಆಯಿತು. ಆದರೂ ಹೋಗುವಾಗ ಹೊರಗಿನಿಂದ ಕಿಟಕಿಯ ಮೊಳೆ ಕಿತ್ತು ನನ್ನ ಫಿಲ್ಮನ್ನು ತೆಗೆದುಕೊಂಡೇ ಬಂದೆ.

ಮೂರು ತಿಂಗಳಾದ ಮೇಲೆ ಆ ಕೊಣ್ಣೂರಿನ ಹೆಣ್ಣುಮಗಳು ನಮ್ಮ ಅಂಗಡಿ ಹುಡುಕಿಕೊಂಡು ಬಂದಳು. ಕತ್ತು ನೆಟ್ಟಗಿತ್ತು. ಕೊರಳಲ್ಲಿ ಸಣ್ಣ ಕೆಂಪು ಗೆರೆ. ಬಟ್ಟೆಯಲ್ಲಿ ಕಟ್ಟಿ ತಂದಿದ್ದ ರೊಟ್ಟಿಗಳನ್ನು ನನ್ನ ಮುಂದಿಟ್ಟಳು. ತೆಳ್ಳಗೆ, ದುಂಡಗೆ, ಅಂಚು ಒಡೆಯದ ಜೋಳದ ರೊಟ್ಟಿ.

“ನಾನ ಬಡದೇನ್ರಿ ಅಣ್ಣಾ, ಈ ಕೈಲೆ” ಎಂದು ಬಲಗೈಯನ್ನು ಮುಚ್ಚಿ ಬಿಚ್ಚಿ ತೋರಿಸಿದಳು. ನಾನು ಆ ಬೆರಳುಗಳನ್ನೇ ನೋಡುತ್ತಿದ್ದೆ. ಅವಳು ಕಣ್ಣು ಮುಚ್ಚಿ ಕೈಮುಗಿದಳು. ನನಗೆ ಎಂದುಕೊಂಡೆ.

“ಎಲ್ಲಾ ಆ ಕಾಕಾರ ಪುಣ್ಯಾರಿ. ಸತ್ತ ಮ್ಯಾಗೂ ತಮ್ಮ ಕೊರಳ ತೋರಿಸಿ ನನಗ ದಾರಿ ಹೇಳಿದ್ರು ನೋಡ್ರಿ.”

ಮಶೀನಿನ ಮೇಲೆ ಹೆಂಡತಿ ಬಾಯಿಗೆ ಸೆರಗು ಹಚ್ಚಿ ನಗತೊಡಗಿದಳು. ನಾನು ಒಂದು ರೊಟ್ಟಿಯನ್ನು ಎಡಗೈಯಿಂದ ಮುರಿದು ತಿಂದೆ. ರೊಟ್ಟಿ ಚೆನ್ನಾಗಿತ್ತು. ಸಿಟ್ಟು ಇನ್ನೂ ಇಳಿದಿಲ್ಲ.